ಗೋಧಿ ಬೀಸಿದ ಹಳೆ ಗಿರಣಿಯನ್ನು ಜೋಳಕ್ಕೆ ಸಜ್ಜು ಮಾಡಿದ್ದು

ಮಗನಿಗೆ ಸೀಲಿಯಾಕ್ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಒಳಹೋದರೆ ಕರುಳು ಕೆಡುವ ಕಾಯಿಲೆ) ಎಂದು ಖಚಿತವಾದ ಮೇಲೆ ಅವನ ಊಟಕ್ಕೆಂದು ನಾವು ಕೊಂಡ ಮೊದಲ ದೊಡ್ಡ ಸಾಮಾನು ಒಂದು ಹಳೆಯ ಮನೆಗಿರಣಿ. ಬಿಳಿ ಸನ್‌ಮೈಕಾ ಹೊದಿಸಿದ ಪ್ಲೈವುಡ್ ಪೆಟ್ಟಿಗೆ, ಕೆಳಗೆ ನಾಲ್ಕು ಗಾಲಿ, ಒಳಗೆ ಒಂದು ಎಚ್‌ಪಿ ಮೋಟಾರು, ಅದರ ಶಾಫ್ಟಿಗೇ ಕೂತ, ಕಾಳನ್ನು ಹೊಡೆದು ಪುಡಿಮಾಡುವ ಉಕ್ಕಿನ ಬೀಟರು. ಸ್ವಿಚ್ ಒತ್ತಿದರೆ ಗುಂಯ್‌ಗುಡುತ್ತಿತ್ತು, ತಿರುಗುತ್ತಿರಲಿಲ್ಲ. ಹೊಸದಕ್ಕೆ ಹದಿನೈದು ಸಾವಿರದ ಆಸುಪಾಸು ಬೆಲೆ. ಇದನ್ನು 2,500 ರೂಪಾಯಿಗೆ ಕೊಟ್ಟರು. ವರ್ಷಗಟ್ಟಲೆ ಅದರಲ್ಲಿ ಗೋಧಿಯನ್ನೇ ಬೀಸಿದ್ದರು. ಗೋಧಿಯ ಧೂಳೂ ಸೋಕಬಾರದ ಹುಡುಗನಿಗೆ ಗೋಧಿ ಬೀಸಿದ ಗಿರಣಿ ತರುವುದು ಹುಚ್ಚು ಎಂದು ಬಂಧುಗಳಲ್ಲಿ ಕೆಲವರು ಅಂದರು. ಯಾಕೆ ತಂದೆವು, ಹೇಗೆ ಬಿಚ್ಚಿದೆವು, ಏನೇನು ಬದಲಿಸಿದೆವು, ಹಿಟ್ಟು ಹೇಗೆ ಬಂತು ಎಂಬುದನ್ನು ಬರೆದಿಟ್ಟಿದ್ದೇನೆ.

ಗಿರಣಿಯೇ ಯಾಕೆ

ನಾವಿರುವುದು ಗದಗದಲ್ಲಿ. ಬಿಳಿಜೋಳದ ರೊಟ್ಟಿ ತಿಂದು ಬೆಳೆದವರು. ಗ್ಲುಟನ್ ಇರುವುದು ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ. ಜೋಳ, ಸಜ್ಜೆ, ರಾಗಿ, ನವಣೆ, ಅಕ್ಕಿ, ಗೋವಿನಜೋಳ, ಕಡಲೆ, ಹೆಸರು ಯಾವುದರಲ್ಲೂ ಇಲ್ಲ. ರವೆ, ಮೈದಾ, ಶಾವಿಗೆ ಎಲ್ಲ ಗೋಧಿಯ ಮಕ್ಕಳೇ ಆದ್ದರಿಂದ ಅವು ಹೋದವು. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು ನಮ್ಮ ಕಡೆ ಮಾರುವ ಸದಕವೂ ಗೋಧಿಯ ಜಾತಿಯೇ, ಅದೂ ಹೋಯಿತು. ಆದರೂ ಉಳಿದದ್ದೇ ಬಹಳ. ಮೂರು ಹೊತ್ತೂ ಚಪಾತಿ ತಿನ್ನುವ ಸೀಮೆಯಲ್ಲಿ ಈ ಕಾಯಿಲೆ ಬಂದವರ ಪಾಡು ನೆನೆದರೆ ನಮ್ಮದು ಎಷ್ಟೋ ಸಲೀಸು.

ಹಾಗಂತ ನಾವೂ ಮೊದಲು ಅಂದುಕೊಂಡೆವು. ಅತ್ತೆಯವರಂತೂ, “ಜ್ವಾಳದ ರೊಟ್ಟಿ, ಅನ್ನ ತಿಂತಾನ ಬಿಡು, ಇದೇನ್ ದೊಡ್ಡ ಪಥ್ಯ?” ಎಂದು ಧೈರ್ಯ ಹೇಳಿದರು. ಹುಡುಗ ಎತ್ತರ ಬೆಳೆಯುತ್ತಿರಲಿಲ್ಲ, ಹೊಟ್ಟೆ ಉಬ್ಬುತ್ತಿತ್ತು, ಕಬ್ಬಿಣದ ಟಾನಿಕ್ ಎಷ್ಟು ಕುಡಿಸಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ ಗೊತ್ತಾಯಿತು: ಗ್ಲುಟನ್ ಒಳಹೋದರೆ ಅವನ ದೇಹ ತನ್ನ ಕರುಳಿನ ಒಳಪದರದ ಮೇಲೆಯೇ ತಿರುಗಿ ಬೀಳುತ್ತದೆ, ಆಹಾರ ಹೀರುವ ಸಣ್ಣ ಮಡಿಕೆಗಳು ಸವೆದು ಚಪ್ಪಟೆಯಾಗುತ್ತವೆ. ಒಡಹುಟ್ಟಿದವರಲ್ಲೂ ಇರಬಹುದೆಂದು ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದರು, ಅವಳಿಗಿಲ್ಲ. (ಅನುಮಾನ ಬಂತೆಂದು ಪರೀಕ್ಷೆಗೆ ಮುಂಚೆಯೇ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು.)

ಪಥ್ಯ ತಿಳಿಸಿದವರು ಹೇಳಿದ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಾಕೀಟಿನ ಮೇಲೆ ‘ಗ್ಲುಟನ್ ಫ್ರೀ’ ಎಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟನ್ ಇರಕೂಡದು. ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಇದೇ, ಬಹಳಷ್ಟು ಹೊರದೇಶಗಳಲ್ಲಿ ನಡೆಯುವ ಅಳತೆಯೂ ಇದೇ. ಈಗ ಗೋಧಿಹಿಟ್ಟನ್ನು ನೋಡಿ: ಅದರ ತೂಕದ ಹತ್ತನೇ ಒಂದು ಪಾಲು ಹೆಚ್ಚುಕಡಿಮೆ ಗ್ಲುಟನ್ನೇ. ಅಂದರೆ ಒಂದು ಗ್ರಾಂ ಹಿಟ್ಟಿಗೆ ನೂರು ಮಿಲಿಗ್ರಾಂ. ಒಂದು ಕಿಲೋ ಜೋಳದ ಹಿಟ್ಟು ಕೆಡಲು 0.2 ಗ್ರಾಂ ಗೋಧಿಹಿಟ್ಟು ಸಾಕು. ಎರಡು ಬೆರಳಲ್ಲಿ ಎತ್ತಿದ ಚಿಟಿಕೆಗಿಂತ ಕಡಿಮೆ.

ಓಣಿಯ ಗಿರಣಿಗೆ ಹೋಗಿ ಇದನ್ನೇ ಕೇಳಿದೆ. “ಅಕ್ಕಾರ, ಜ್ವಾಳದ ಮಿಶಿನ್ನ ಬ್ಯಾರೆ ಐತ್ರಿ. ಅದ್ರಾಗ ಗೋದಿ ಹಾಕಂಗೇ ಇಲ್ಲ” ಎಂದರು ಗಿರಣಿಯವರು. ಸುಳ್ಳೇನೂ ಹೇಳಲಿಲ್ಲ. ಆದರೆ ಎರಡು ಯಂತ್ರದ ನಡುವೆ ಮೂರು ಅಡಿ ಜಾಗ. ಗೋಡೆ, ವೈರು, ಬಲ್ಬು, ಗಿರಣಿಯವರ ಹುಬ್ಬು ಎಲ್ಲದರ ಮೇಲೂ ಬಿಳಿ ಧೂಳು. ಹಿಟ್ಟು ಹಿಡಿಯುವ ಡಬ್ಬಿ, ಬಳಿಯುವ ಬ್ರಷ್ಷು ಎರಡಕ್ಕೂ ಒಂದೇ. ಈ ಗಿರಣಿಯಲ್ಲಿ ನಮ್ಮ ಅಜ್ಜಿಯ ಕಾಲದಿಂದ ಬೀಸಿಸಿದ್ದೇವೆ, ಅವರ ಹಿಟ್ಟಿನ ಬಗ್ಗೆ ನನ್ನ ದೂರೇನೂ ಇಲ್ಲ. ನನ್ನ ಮಗನಿಗೆ ಬೇಕಾದ ಚೊಕ್ಕತನವನ್ನು ಐದಾರು ರೂಪಾಯಿಗೆ ಕಿಲೋ ಬೀಸುವ ಗಿರಣಿಯಿಂದ ಕೇಳುವುದು ನ್ಯಾಯವಲ್ಲ, ಅಷ್ಟೇ.

ಇನ್ನು ಪಾಕೀಟು. ಗ್ಲುಟನ್ ಫ್ರೀ ಎಂದು ಬರೆದ ಜೋಳದ ಹಿಟ್ಟು ನನಗೆ ಸಿಕ್ಕಿದ್ದು ಕಿಲೋಗೆ 160 ರೂಪಾಯಿಗೆ. ಎಪಿಎಂಸಿ ಹತ್ತಿರದ ಅಂಗಡಿಯಲ್ಲಿ ಜೋಳ 45ಕ್ಕೆ. ಜೋಳ ಅದೇ ಜೋಳ. ಮೇಲಿನ 115 ರೂಪಾಯಿ ಕೊಡುತ್ತಿದ್ದುದು ಬೇರೆ ಯಾರೋ ಚೊಕ್ಕವಾಗಿ ಬೀಸಿ, ಪರೀಕ್ಷೆ ಮಾಡಿಸಿ ಕೊಟ್ಟ ನಂಬಿಕೆಗೆ. ಮೇಲಾಗಿ ಪಾಕೀಟಿನ ಹಿಟ್ಟು ಹಳತಾಗಿರುತ್ತದೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಹರಿಯುತ್ತದೆ. ನಮ್ಮದು ಒಂದೇ ಸಂಬಳದ ಮನೆ. ಬೀಸುವ ಕೆಲಸವೊಂದನ್ನು ಮನೆಗೆ ತಂದರೆ ಉಳಿದದ್ದೆಲ್ಲ ನಮ್ಮ ಪೇಟೆಯ ಬೆಲೆಗೇ ಸಿಗುತ್ತದೆ ಎಂಬುದು ಸ್ಪಷ್ಟವಾಗಿತ್ತು.

ಕಲ್ಲೋ ಉಕ್ಕೋ

ಅತ್ತೆಯವರ ತವರಿನಲ್ಲಿ ಬೀಸುಕಲ್ಲು ಇತ್ತು, ತರಿಸಿಕೊಡುತ್ತೇನೆ ಎಂದರು. ಬೇಡ ಅಂದೆ. ಕಲ್ಲಿನ ಮೈ ತೂತುತೂತು. ಗೋಧಿ ನುಚ್ಚು ಒಡೆದ ಕಲ್ಲನ್ನು ತೊಳೆದು ಚೊಕ್ಕ ಮಾಡಿದೆ ಎಂದು ಎದೆ ಮುಟ್ಟಿ ಹೇಳಲಾಗದು. ಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಗ್ಲುಟನ್ ಕ್ರಿಮಿಯಲ್ಲ, ಪ್ರೋಟೀನು. ಬಿಸಿಲಿಗೂ ಅಡುಗೆಯ ಬಿಸಿಗೂ ಅದು ಸಾಯುವುದಿಲ್ಲ, ಉಜ್ಜಿ ತೊಳೆದು ಹೊರಹಾಕಿದರೆ ಮಾತ್ರ ಹೋಗುತ್ತದೆ. ಮನೆಗಿರಣಿಗಳಲ್ಲೂ ಎರಡು ಬಗೆ. ಕಲ್ಲಿನವು ಕೆಲವು, ಬೀಟರ್ ಹೊಡೆದು ಜಾಳಿಗೆಯಲ್ಲಿ ಸೋಸುವ ಉಕ್ಕಿನವು ಹೆಚ್ಚು. ಎರಡನೆಯದೇ ಬೇಕೆಂದು ಹುಡುಕಿದ್ದು ಈ ಕಾರಣಕ್ಕೆ. ಉಕ್ಕನ್ನು ತೊಳೆಯಬಹುದು, ತೊಳೆಯಲಾಗದ ಭಾಗಗಳನ್ನು ಬಿಸಾಡಿ ಹೊಸದು ಹಾಕಬಹುದು.

ಹೊಸ ಗಿರಣಿಯೇ ಕೊಳ್ಳುವ ಶಕ್ತಿ ಇದ್ದವರು ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಹೊಸದನ್ನು ಕೊಂಡು, ಅದಕ್ಕೆ ಗೋಧಿ ತೋರಿಸದಿದ್ದರೆ ಆಯಿತು.

ಬಿಚ್ಚಿದ್ದು

ಮೈದುನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ವಿದ್ಯುತ್ತಿನ ಕೆಲಸ ಅವನದು, ಉಳಿದದ್ದು ನನ್ನದು ಎಂದು ಹಂಚಿಕೊಂಡೆವು. ಗಿರಣಿಯನ್ನು ಮನೆಯೊಳಗೆ ತರದೆ ಹಿತ್ತಲಿನಲ್ಲೇ ಹಳೆಯ ಸೀರೆ ಹಾಸಿ ಬಿಚ್ಚಿದ್ದು. ಒಳಗಿನ ಹಿಟ್ಟು ಅಡುಗೆಮನೆಗೆ ಹಾರಿದರೆ ಕೆಲಸವೆಲ್ಲ ತಿರುಗುಮುರುಗು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಮಗನನ್ನು ಅಜ್ಜಿಯ ಜೊತೆ ಹೊರಗೆ ಕಳಿಸಿದ್ದೆವು.

ಪ್ಲಗ್ ತೆಗೆದ ಮೇಲೂ ಮೋಟಾರು ತಿರುಗಲು ನೂಕು ಕೊಡುವ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತದೆ. ಅದರ ಎರಡು ತುದಿಯನ್ನು ಬಲ್ಬಿನ ಮೂಲಕ ಜೋಡಿಸಿ ಅವನು ಮೊದಲು ಅದನ್ನು ಖಾಲಿ ಮಾಡಿದ. ಈ ಕೆಲಸ ತಿಳಿಯದವರು ಮೋಟಾರಿನ ಕಡೆಗೆ ಕೈ ಹಾಕಬಾರದು. ಮೇಲೆ 25 ಮೈಕ್ರೋಫ್ಯಾರಡ್ ಎಂದು ಬರೆದ ಕೆಪಾಸಿಟರ್ ಮೀಟರಿನಲ್ಲಿ 14 ತೋರಿಸಿತು. ಗುಂಯ್ ಎಂದು ನಿಲ್ಲುತ್ತಿದ್ದುದಕ್ಕೆ ಅದೊಂದು ಕಾರಣ.

“ವೈನಿ, ಕೆಪಾಸಿಟರ್ ಒಂದ ಅಲ್ಲ. ಶಾಫ್ಟ್ ಕೈಲೆ ತಿರುವಿ ನೋಡ್ರಿ” ಎಂದ. ತಿರುವಿದೆ. ಒಳಗೆ ಉಸುಕು ಇದ್ದಂತೆ ಕರಕರ. ಬೀಟರ್ ಕಡೆಯ ಬೇರಿಂಗು ಹೋಗಿತ್ತು. ಪುಲ್ಲರ್ ಹಾಕಿ ಎಳೆದು ತೆಗೆದಾಗ ಕಂಡದ್ದು ಕಪ್ಪು ಅಂಟು: ಗ್ರೀಸಿನ ಜೊತೆ ವರ್ಷಗಳಿಂದ ಕಲೆತ ಗೋಧಿಹಿಟ್ಟು, ಸ್ಕ್ರೂಡ್ರೈವರ್ ತುದಿಯಿಂದ ಎಳೆದರೆ ರಬ್ಬರಿನ ಹಾಗೆ ಉದ್ದಕ್ಕೆ ಬರುತ್ತಿತ್ತು. ಗ್ಲುಟನ್ ಅಂದರೆ ಏನು ಎಂದು ಮೈದುನನಿಗೆ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಎರಡೂ ಬೇರಿಂಗು ಬದಲಿಸಿದೆವು. 6203 ಅಳತೆಯದೇ, ಆದರೆ ಎರಡೂ ಬದಿಗೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬಗೆಯದು. ಮೊದಲಿದ್ದದ್ದಕ್ಕೆ ಬರೀ ತಗಡಿನ ಮುಚ್ಚಳ ಇತ್ತು, ಸಂದಿಯಿಂದ ಹಿಟ್ಟು ಒಳಹೋಗುತ್ತಿತ್ತು. ಬಾಗಿಲು ತೆರೆದರೆ ಮೋಟಾರು ನಿಲ್ಲಿಸುವ ಸಣ್ಣ ಸ್ವಿಚ್ಚನ್ನು ಹಿಂದಿನವರು ವೈರು ಸುತ್ತಿ ಸುಮ್ಮನಾಗಿಸಿದ್ದರು. ಒಳಗೆ ನಿಮಿಷಕ್ಕೆ 2,800 ಸುತ್ತು ತಿರುಗುವ ಉಕ್ಕಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಹೊಸ ಸ್ವಿಚ್ ಹಾಕಿಸಿದ ಮೇಲೆಯೇ ಮುಂದಿನ ಮಾತು ಅಂದೆ. ಅರ್ಥ್ ವೈರೂ ಕಿತ್ತುಹೋಗಿತ್ತು, ಅದನ್ನೂ ಕೂಡಿಸಿದ.

ತೊಳೆದದ್ದು

ಇಲ್ಲಿ ಆತುರ ಮಾಡಿದರೆ ಕೆಟ್ಟಿತು. ಮೊದಲು ಒಣ ಕೆಲಸ ಮುಗಿಯಬೇಕು. ನೀರು ಸೋಕಿದ ಗೋಧಿಹಿಟ್ಟು ಅಂಟಾಗಿ ಮೂಲೆ ಹಿಡಿಯುತ್ತದೆ. ಪೇಂಟ್ ಬ್ರಷ್ಷು, ಹಳೆಯ ಹಲ್ಲುಜ್ಜುವ ಬ್ರಷ್ಷು, ಊದುವ ಬ್ಲೋವರು ಇಷ್ಟರಿಂದ ಬೀಳುವಷ್ಟನ್ನು ಬೀಳಿಸಿದೆವು. ಬೀಸುವ ಕೋಣೆಯ ಹಿಂದಿನ ಸಂದಿಯಿಂದಲೇ ಒಂದು ಬೊಗಸೆ ಹಿಟ್ಟು ಬಿತ್ತು, ಜೊತೆಗೆ ಸತ್ತ ನುಸಿ. ಇಷ್ಟು ವರ್ಷ ಆ ಮನೆಯವರು ತಿಂದ ಚಪಾತಿಯ ಬಗ್ಗೆ ಯೋಚಿಸದಿರುವುದು ಒಳ್ಳೆಯದು.

ಬೀಟರು, ಅದರ ನಡುವಿನ ಬೋಲ್ಟು, ಕೋಣೆಯ ಉಕ್ಕಿನ ತಟ್ಟೆ, ಹಿಟ್ಟು ಬೀಳುವ ಡಬ್ಬಿ ಇವನ್ನೆಲ್ಲ ತಣ್ಣೀರಿನಲ್ಲಿ ನೆನೆಹಾಕಿದೆ. ಮೊದಲಿಗೇ ಬಿಸಿನೀರು ಹಾಕಿದರೆ ಹಿಟ್ಟು ಬೆಂದು ಗಂಜಿಯಾಗಿ ಮೆತ್ತಿಕೊಳ್ಳುತ್ತದೆ. ನೆನೆದದ್ದನ್ನು ಉಜ್ಜಿ ತೆಗೆದ ಮೇಲೆ ಸೋಪು, ಬಿಸಿನೀರು, ಆಮೇಲೆ ಹೊಸ ಬಟ್ಟೆಯಿಂದ ಒರೆಸಿ ಬಿಸಿಲು. ಉಜ್ಜಿದ ಬ್ರಷ್ಷು, ನಾರು ಎಲ್ಲ ಕಸಕ್ಕೆ.

ತೊಳೆಯಲು ನಂಬಿಕೆ ಬರದವನ್ನು ಬದಲಿಸಿದೆ: ಎರಡು ಜಾಳಿಗೆ, ಹಿಟ್ಟಿನ ಡಬ್ಬಿಯ ಮೇಲೆ ಗಾಳಿ ಹೊರಬಿಡುವ ಬಟ್ಟೆಚೀಲ, ಬಾಗಿಲಿನ ಸುತ್ತಲ ಸ್ಪಂಜಿನ ಪಟ್ಟಿ. ಜಾಳಿಗೆಯ ತೂತುಗಳನ್ನು ಸೂಜಿಯಿಂದ ಚುಚ್ಚಿ ಚೊಕ್ಕ ಮಾಡುತ್ತಾ ಕೂರುವ ಬದಲು ಹೊಸದಕ್ಕೆ 250 ಕೊಡುವುದು ಮೇಲು. ಬಟ್ಟೆಚೀಲವನ್ನು ದಪ್ಪ ಬಿಳಿ ಕಾಟನ್‌ನಲ್ಲಿ ನಾನೇ ಹೊಲಿದೆ. ಸ್ಪಂಜಿನ ಜಾಗಕ್ಕೆ ಆಹಾರಕ್ಕೆ ಬಳಸುವ ಸಿಲಿಕೋನ್ ಪಟ್ಟಿ ಬಂತು.

ತೊಂದರೆ ಕೊಟ್ಟದ್ದು ಪ್ಲೈವುಡ್. ನೀರು ಕುಡಿದರೆ ಉಬ್ಬುತ್ತದೆ, ತೊಳೆಯುವಂತಿಲ್ಲ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣಗಿಸಿ, ಹಲಗೆಗಳು ಕೂಡುವ ಪ್ರತಿ ಸಂದಿಗೂ ಸಿಲಿಕೋನ್ ಟ್ಯೂಬಿನಿಂದ ಗೆರೆ ಎಳೆದು ಮುಚ್ಚಿಬಿಟ್ಟೆ. ಒಳಗೆ ಉಳಿದದ್ದು ಒಳಗೇ ಇರಲಿ, ಹೊಸದು ಹೋಗಿ ಕೂರದಿರಲಿ ಎಂಬ ಲೆಕ್ಕ. ಹಿಟ್ಟು ಬೀಳುವ ದಾರಿಯಲ್ಲಿ ಪ್ಲೈವುಡ್ ಎಲ್ಲೂ ಬರುವುದಿಲ್ಲ, ಅದು ಸುತ್ತಲ ಗೂಡು ಮಾತ್ರ. ಬಂದಿದ್ದರೆ ಈ ಗಿರಣಿ ನಮಗೆ ಆಗುತ್ತಿರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ರೇಷನ್ ಅಕ್ಕಿ ಹಾಕಿ ಬೀಸಿ ಬೀಸಿ ತೆಗೆದೆವು. ನಡುನಡುವೆ ಬಾಗಿಲು ತೆರೆದು ಬಳಿದು ಮತ್ತೆ ಬೀಸುವುದು. ಆ ಹಿಟ್ಟೆಲ್ಲ ಹಿಂದಿನ ಮನೆಯ ಎಮ್ಮೆಗೆ ಹೋಯಿತು.

ರಾಗಿಯ ಪರೀಕ್ಷೆ

ಚೊಕ್ಕವಾಯಿತೆಂದು ಗೊತ್ತಾಗುವುದು ಹೇಗೆ? ಗೋಧಿಹಿಟ್ಟು ಅಕ್ಕಿಹಿಟ್ಟು ಎರಡೂ ಬಿಳಿ, ಕಣ್ಣಿಗೆ ಭೇದ ಕಾಣದು. ಗ್ಲುಟನ್ ಪತ್ತೆಹಚ್ಚುವ ಪಟ್ಟಿಗಳು ಸಿಗುತ್ತವೆ, ಆದರೆ ನಮ್ಮ ಕೈಗೆ ಎಟುಕುವ ಬೆಲೆಯಲ್ಲ. ಹಿಟ್ಟು ಈ ಯಂತ್ರದಲ್ಲಿ ಎಲ್ಲೆಲ್ಲಿ ಅಡಗಿ ಕೂರುತ್ತದೆ ಎಂಬುದಾದರೂ ತಿಳಿದರೆ ಅಲ್ಲಿ ಕೈ ಹಾಕಬಹುದಲ್ಲ ಎಂದು ಯೋಚಿಸಿ ರಾಗಿ ತಂದೆ.

ಎರಡು ಕಿಲೋ ರಾಗಿ ಬೀಸಿ, ಮಾಮೂಲಿ ಬಳಿಯುವಂತೆ ಬಳಿದು, ಮೇಲೆ ಬೆಳ್ಳಗಿನ ಅಕ್ಕಿ ಹಾಕಿದೆವು. ಬಂದ ಹಿಟ್ಟನ್ನು ಬಿಳಿ ಹಾಳೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿನಲ್ಲಿ ನೋಡಿದರೆ ಕಂದುಚುಕ್ಕೆಗಳು ಎದ್ದು ಕಾಣುತ್ತಿದ್ದವು. ಗಿರಣಿಯೊಳಗೆ ಟಾರ್ಚ್ ಹಿಡಿದು ಹುಡುಕಿದಾಗ ರಾಗಿ ಸಿಕ್ಕಿದ್ದು ಮೂರು ಕಡೆ. ಮೇಲಿನ ಕಾಳು ಹಾಕುವ ಬಾಯಿಯ ಜಾರುಬಾಗಿಲು ಓಡುವ ತೋಡು, ಬೀಟರ್ ಬೋಲ್ಟಿನ ತಲೆಯ ಹಿಂದೆ, ನಾನು ಹೊಲಿದ ಚೀಲದ ಒಳಮಡಿಕೆ. ಗೋಧಿ ಬೀಸಿದ ಕಾಲದಲ್ಲಿ ಗೋಧಿಯೂ ಕೂತಿದ್ದದ್ದು ಇಲ್ಲೇ ಅಲ್ಲವೇ.

ಜಾರುಬಾಗಿಲನ್ನು ತೆಗೆದೇಬಿಟ್ಟೆವು. ಕಾಳನ್ನು ಕೈಯಿಂದ ಸ್ವಲ್ಪಸ್ವಲ್ಪ ಬಿಟ್ಟರೆ ಸಾಕು, ಮೋಟಾರಿಗೂ ಹಗುರ. ಬೋಲ್ಟನ್ನು ಮೈದುನ ಮತ್ತೆ ಬಿಚ್ಚಿ ತೊಳೆದು, ತಲೆ ಚಪ್ಪಟೆಯಾಗಿರುವ ಬೇರೆ ಬೋಲ್ಟು ಹಾಕಿದ. ಚೀಲವನ್ನು ಒಳಗಿನ ಹೊಲಿಗೆ ಹೊರಗೆ ಬರುವ ಹಾಗೆ ತಿರುವಿ ಹೊಲಿದೆ. ಆಮೇಲೆ ರಾಗಿ, ಅದರ ಮೇಲೆ ಅಕ್ಕಿ ಮತ್ತೆ ಹಾಕಿ ನೋಡಿದಾಗ ಹಾಳೆ ಬೆಳ್ಳಗಿತ್ತು. ಇದು ಪ್ರಯೋಗಶಾಲೆಯ ಪ್ರಮಾಣಪತ್ರಕ್ಕೆ ಸಮವಲ್ಲ, 20 ಮಿಲಿಗ್ರಾಂ ಒಳಗಿದೆ ಎಂದು ಇದರಿಂದ ಹೇಳಲಾಗದು. ಆದರೆ ಗೋಧಿ ಇನ್ನು ಒಳಹೋಗದ ಯಂತ್ರದಲ್ಲಿ, ಸಂದಿಗಳೂ ಮುಚ್ಚಿದ ಮೇಲೆ, ಪ್ರತಿ ಸಲ ಬೀಸಿದಾಗಲೂ ಹಳೆಯದರ ಪಾಲು ಇಳಿಯುತ್ತಲೇ ಹೋಗುತ್ತದೆ. ಮಗನ ಹಿಟ್ಟನ್ನು ತಕ್ಷಣ ಇದರಲ್ಲಿ ಬೀಸಲಿಲ್ಲ. ಮೊದಲಿಗೆ ಉಳಿದವರ ರೊಟ್ಟಿಯ ಜೋಳ ಬೀಸಿದೆವು. ಡಾಕ್ಟರಿಗೂ ಈ ಗಿರಣಿಯ ವಿಷಯ ತಿಳಿಸಿ, ಅವನ ಮುಂದಿನ ಟಿಟಿಜಿ ಪರೀಕ್ಷೆಯನ್ನು ಇದರ ಪರೀಕ್ಷೆಯೂ ಆಗಿ ನೋಡಬೇಕೆಂದು ಮಾತಾಯಿತು. ಆರು ತಿಂಗಳ ನಂತರದ ವರದಿಯಲ್ಲಿ ಅಂಕಿ ಚೆನ್ನಾಗಿ ಇಳಿದಿತ್ತು, ಹಿಮೋಗ್ಲೋಬಿನ್ ಏರಿತ್ತು.

ಕಾಳೂ ನೋಡಬೇಕು

ಗಿರಣಿ ಎಷ್ಟು ಚೊಕ್ಕವಿದ್ದರೂ ಕಾಳಿನಲ್ಲೇ ಗೋಧಿ ಇದ್ದರೆ? ನಮ್ಮ ಎರೆಭೂಮಿಯಲ್ಲಿ ಹಿಂಗಾರಿಗೆ ಜೋಳ, ಕಡಲೆ, ಗೋಧಿ ಅಕ್ಕಪಕ್ಕದಲ್ಲೇ ಬೆಳೆಯುತ್ತಾರೆ; ರಾಶಿ ಮಾಡುವ ಯಂತ್ರ ಒಂದೇ, ಗೋಣಿಚೀಲವೂ ಹೊಲದಿಂದ ಹೊಲಕ್ಕೆ ತಿರುಗುತ್ತದೆ. ಗೋಧಿಯ ಒಂದು ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ನಾಲ್ಕು ಮಿಲಿಗ್ರಾಂ ಗ್ಲುಟನ್. ಕಿಲೋ ಜೋಳದಲ್ಲಿ ಐದು ಕಾಳು ಗೋಧಿ ಸಿಕ್ಕರೆ ಆ 20ರ ಗೆರೆ ಮುಟ್ಟಿದಂತೆಯೇ. ಈ ಲೆಕ್ಕ ಹಾಕಿದ ಮೇಲೆ ಅತ್ತೆಯವರು ಪಥ್ಯ ದೊಡ್ಡದಲ್ಲ ಎನ್ನುವುದನ್ನು ಬಿಟ್ಟು ಮೊರ ಹಿಡಿದು ಕೂತರು.

ಹಸನು ಮಾಡುವುದರಲ್ಲಿ ಅವರ ಕಣ್ಣಿಗೆ ನನ್ನದು ಸಾಟಿಯಿಲ್ಲ. ಬಿಳಿಜೋಳ ಗುಂಡಗೆ, ಮುತ್ತಿನ ಬಣ್ಣ. ಗೋಧಿ ಉದ್ದಕ್ಕೆ, ನಡುವೆ ಗೀರು. ಮೊರದಲ್ಲಿ ತೆಳ್ಳಗೆ ಹರಡಿದರೆ ತಾನಾಗಿ ಕಾಣುತ್ತದೆ. ಆಮೇಲೆ ಧೂಳು ಹೋಗಲು ಎರಡು ನೀರು ತೊಳೆದು ಮಾಳಿಗೆಯ ಮೇಲೆ ಒಣಗಿಸುತ್ತೇವೆ. ಕಾಳು ಹಲ್ಲಿಗೆ ಕಟ್ ಎನ್ನುವಷ್ಟು ಒಣಗದಿದ್ದರೆ ಜಾಳಿಗೆ ಮೆತ್ತಿಕೊಂಡು ಮೋಟಾರು ಉಸಿರುಗಟ್ಟುತ್ತದೆ. ಸುಗ್ಗಿಯ ಹೊತ್ತಿಗೆ, ಫೆಬ್ರವರಿ ಮಾರ್ಚಿನಲ್ಲಿ, ಪರಿಚಯದ ರೈತರಿಂದ ಮಾಲದಂಡಿ ಜೋಳ ಚೀಲಗಟ್ಟಲೆ ತಂದು ಬೇವಿನಸೊಪ್ಪು ಹಾಕಿ ಇಡುವುದು ಅಗ್ಗ. ಮುಂಗಾರಿನ ಹೈಬ್ರಿಡ್ ಜೋಳ ಇನ್ನೂ ಕಡಿಮೆಗೆ ಬರುತ್ತದೆ, ಆದರೆ ಅದರ ರೊಟ್ಟಿಗೆ ಆ ಮೆದುವೂ ಇಲ್ಲ, ರುಚಿಯೂ ಇಲ್ಲ. ಅಲ್ಲಿ ಮಾತ್ರ ನಾನು ಜಿಪುಣತನ ಮಾಡುವುದಿಲ್ಲ.

ಹಿಟ್ಟು ಬಂದದ್ದು

ಮೊದಲು ಬಂದ ಹಿಟ್ಟು ತರಿತರಿ. ಓಣಿಯ ಗಿರಣಿಯ ಕಲ್ಲು ಒತ್ತಿ ಅರೆಯುತ್ತದೆ, ಬೀಟರು ಹೊಡೆದು ಚೂರು ಮಾಡುತ್ತದೆ. ಎರಡರ ಹಿಟ್ಟಿನ ಹದ ಬೇರೆ. ಸಣ್ಣ ತೂತಿನ ಜಾಳಿಗೆ ಹಾಕಿದ ಮೇಲೆ ನುಣ್ಣಗಾಯಿತು, ಆದರೆ ನಿಧಾನ, ಹಿಟ್ಟು ಬಿಸಿಯಾಗುತ್ತದೆ. ನಾಲ್ಕು ಕಿಲೋ ಬೀಸಿ ನಿಲ್ಲಿಸಿ, ಆರಿದ ಮೇಲೆ ಮುಂದಿನದು. ಬಿಸಿಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಬೆವರುತ್ತದೆ, ಪರಾತದಲ್ಲಿ ಹರಡಿ ತಣಿಸಬೇಕು. ಜೋಳಕ್ಕೆ ಗ್ಲುಟನ್ನಿನ ಅಂಟಿಲ್ಲದ ಕಾರಣಕ್ಕೇ ನಮ್ಮವರು ಕುದಿಯುವ ನೀರು ಹಾಕಿ ಕಲಸುವುದು. ಹಿಟ್ಟು ಅರ್ಧ ಬೆಂದು ಹಿಡಿತ ಬರುತ್ತದೆ. ಈ ಗಿರಣಿಯ ಹಿಟ್ಟಿಗೆ ನೀರು ತುಸು ಹೆಚ್ಚು ಬೇಕು, ನಾದುವುದೂ ಹೆಚ್ಚು. ಅಷ್ಟು ಮಾಡಿದರೆ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತದೆ.

ದೊಡ್ಡ ತೂತಿನ ಜಾಳಿಗೆ ಹಾಕಿದಾಗ ಸಿಕ್ಕಿದ ಜೋಳದ ರವೆ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು. ಹುಡುಗನಿಗೆ ಉಪ್ಪಿಟ್ಟು ಪ್ರಾಣ, ರವೆ ನಿಂತ ಮೇಲೆ ಮುಖ ಸಣ್ಣದು ಮಾಡಿಕೊಂಡಿದ್ದ. ಜೋಳದ ರವೆಯನ್ನು ಕೆಂಪಗೆ ಹುರಿದು, ಒಂದಕ್ಕೆ ಮೂರರಷ್ಟು ನೀರು ಹಾಕಿ, ಮುಚ್ಚಿ ಬೇಯಿಸಿದರೆ ಉದುರುದುರು ಉಪ್ಪಿಟ್ಟು. ಅಕ್ಕಿ ರವೆಯಿಂದ ಇಡ್ಲಿ, ಜೋಳದ ನುಚ್ಚಿನಿಂದ ಸಂಗಟಿ, ಕಡಲೆಬೇಳೆ ಬೀಸಿ ಹಿಟ್ಟು. ಅಂಗಡಿಯ ಕಡಲೆಹಿಟ್ಟು ಎಲ್ಲಿ ಬೀಸಿದ್ದೋ ತಿಳಿಯದು, ಅದನ್ನು ತರುವುದೇ ನಿಂತಿತು. ಸಜ್ಜೆಗೆ ಎಣ್ಣೆಯ ಅಂಶ ಜಾಸ್ತಿ, ಸಣ್ಣ ಜಾಳಿಗೆಯಲ್ಲಿ ಮೆತ್ತುತ್ತದೆ. ಅದಕ್ಕೆ ಸಣ್ಣದು ಬೇಡ, ಎರಡು ವಾರಕ್ಕಾಗುವಷ್ಟೇ ಬೀಸಬೇಕು, ಇಲ್ಲದಿದ್ದರೆ ಕಮಟು.

ಅಡುಗೆಮನೆಯ ಉಳಿದದ್ದು

ಕಟ್ಟಿಗೆಯ ಲಟ್ಟಣಿಗೆ, ಮಣೆ, ಹಿಟ್ಟಿನ ಜರಡಿ ಮಗನಿಗೆ ಹೊಸದು. ಕಬ್ಬಿಣದ ಹಂಚನ್ನು ಕೆಂಡದಂತೆ ಕಾಯಿಸಿ, ಕರಕಲೆಲ್ಲ ಕೆರೆದು, ತೊಳೆದು ಉಳಿಸಿಕೊಂಡೆವು. ಚಪಾತಿಯ ಹಂಚು ಬೇರೆಯಾಯಿತು, ಕೊನೆಗೆ ಚಪಾತಿಯೇ ಅಪರೂಪವಾಯಿತು. ಎಲ್ಲರಿಗಿಂತ ಕಳ್ಳ ಇಂಗು. ಅಂಗಡಿಯ ಡಬ್ಬಿ ಇಂಗು ಬಹಳಷ್ಟು ಮೈದಾ ಅಥವಾ ಗೋಧಿಹಿಟ್ಟಿನಲ್ಲಿ ಕಲಸಿದ್ದು, ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ದಿನವೂ ಸಾರಿನ ಒಗ್ಗರಣೆಯಲ್ಲಿ ಅದು ಬೀಳುತ್ತಿತ್ತು. ಅಕ್ಕಿಹಿಟ್ಟು ಹಾಕಿದ ಇಂಗು ಸಿಗುತ್ತದೆ, ಸಿಗದ ದಿನ ಬೆಳ್ಳುಳ್ಳಿ. ಹಾಲಿಗೆ ಬೆರೆಸುವ ಡಬ್ಬಿಯ ಹಲವು ಪುಡಿಗಳಲ್ಲಿ ಬಾರ್ಲಿ ಮಾಲ್ಟ್ ಇರುತ್ತದೆ. ಅದರ ಜಾಗಕ್ಕೆ ಮನೆಯಲ್ಲೇ ಮೊಳಕೆ ಕಟ್ಟಿ ಬೀಸಿದ ರಾಗಿ ಬಂತು. ಮಿರ್ಚಿ ಬಜಿ ಕಡಲೆಹಿಟ್ಟಿನದೇ ಆದರೂ ಅಂಗಡಿಯ ಬಾಣಲೆಯಲ್ಲಿ ಮೈದಾದ ತಿಂಡಿಯೂ ಕರಿದಿರುತ್ತಾರೆ. ಗದಗಿನಲ್ಲಿ ಹುಟ್ಟಿದ ಹುಡುಗನಿಗೆ ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಈಗ ರವಿವಾರ ಮನೆಯಲ್ಲೇ ಬಜಿ. ಗುಡಿಯ ಪ್ರಸಾದಕ್ಕೆ ರವೆಯ ಸಜ್ಜಿಗೆ ಇದ್ದರೆ ಕಣ್ಣಿಗೊತ್ತಿ ಅಕ್ಕನಿಗೆ ಕೊಡುತ್ತಾನೆ.

ಖರ್ಚು

ಗಿರಣಿ 2,500, ಕೆಪಾಸಿಟರ್ 180, ಬೇರಿಂಗ್ ಎರಡಕ್ಕೆ 360, ಜಾಳಿಗೆ ಎರಡಕ್ಕೆ 500, ಸಿಲಿಕೋನ್ ಟ್ಯೂಬು 220, ಬಾಗಿಲಿನ ಪಟ್ಟಿ 150, ಸ್ವಿಚ್ 60, ಬಟ್ಟೆ 120. ಒಟ್ಟು 4,090. ಬೋಲ್ಟು ಮೈದುನನ ಅಂಗಡಿಯ ಡಬ್ಬಿಯಿಂದ ಬಂತು, ಅವನ ಕೂಲಿಯನ್ನು ರೊಟ್ಟಿ, ಎಣಗಾಯಿಯಲ್ಲಿ ತೀರಿಸಿದೆವು. ಮಗನೊಬ್ಬನಿಗೆ ತಿಂಗಳಿಗೆ ಐದು ಕಿಲೋ ಹಿಟ್ಟು ಅಂದುಕೊಂಡರೂ ಪಾಕೀಟಿಗೂ ಕಾಳಿಗೂ 575 ರೂಪಾಯಿ ಅಂತರ. ಏಳು ತಿಂಗಳಿಗೆ ಗಿರಣಿಯ ಹಣ ಮರಳಿತು. ಕರೆಂಟು ಗಂಟೆಗೆ ಒಂದು ಯೂನಿಟ್ಟಿನ ಆಸುಪಾಸು. ಪುಕ್ಕಟೆ ಕರೆಂಟಿನ ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪವಷ್ಟೇ ಹೆಚ್ಚುವರಿ ಬಿಡುತ್ತಾರಾದ್ದರಿಂದ ತಿಂಗಳಿಗೆ ಎಷ್ಟು ಹೊತ್ತು ಓಡಿಸುತ್ತೇವೆಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.

ಗಿರಣಿ ಬಂದ ಸುದ್ದಿ ಹಬ್ಬಿ, ಓಣಿಯ ಹೆಂಗಸರು ಗೋಧಿ ಡಬ್ಬಿ ಹಿಡಿದು ಬಂದರು. ಆಗುವುದಿಲ್ಲ ಎಂದು ಹೇಳುವುದು ಮುಜುಗರದ ಕೆಲಸ, ಹೇಳಲೇಬೇಕು. ಬಾಗಿಲಿನ ಮೇಲೆ ಮಗಳು ದೊಡ್ಡಕ್ಷರದಲ್ಲಿ ‘ಗೋಧಿ ಇಲ್ಲ’ ಎಂದು ಬರೆದು ಅಂಟಿಸಿದಳು. ಇದೇ ಕಾಯಿಲೆಯ ಮಗುವಿರುವ ಇನ್ನೊಂದು ಮನೆಯವರು ಈಗ ತಮ್ಮ ಜೋಳ ತರುತ್ತಾರೆ. ಅದು ಮೊದಲು ಅತ್ತೆಯವರ ಮೊರ ದಾಟಬೇಕು, ಆಮೇಲೆ ಗಿರಣಿ. ಹಳೆಯ ಗಿರಣಿ ಹುಡುಕುತ್ತಿದ್ದೇವೆ, ಏನು ನೋಡಿ ಕೊಳ್ಳಬೇಕು ಎಂದು ಅವರು ಕೇಳಿದರು. ಬೀಸುವ ಕೋಣೆ ಪೂರ್ತಿ ಉಕ್ಕಿನದಾಗಿರಲಿ, ಜಾಳಿಗೆ ಇನ್ನೂ ಪೇಟೆಯಲ್ಲಿ ಸಿಗುವ ಅಳತೆಯದಿರಲಿ, ಶಾಫ್ಟ್ ವಾಲಾಡದಿರಲಿ ಎಂದೆ. ಮೋಟಾರು ಸುಟ್ಟಿದ್ದರೂ ಪರವಾಗಿಲ್ಲ, ಅದನ್ನು ಸುತ್ತಿಸಬಹುದು. ಒಳಗೆ ಕಲ್ಲಿದ್ದರೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.